ಬಾನುಲಿಯ ನಗೆ ಮತ್ತು ಯಲಬುರ್ಗಾದ ಕೇಳುಗ

ಬಾನುಲಿ ಹಾಸ್ಯದ ಜನಪ್ರಿಯತೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕೇಳುಗರ ಸಂಖ್ಯೆಯಲ್ಲಿಯೇ ನಿಂತುಬಿಡುತ್ತದೆ. ಯಾರ ಮಾತು ನಗೆಗೆ ವಸ್ತುವಾಯಿತೆಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ. 1928ರಲ್ಲಿ ಶಿಕಾಗೋದಿಂದ ಆರಂಭವಾದ ‘ಅಮೋಸ್ ಅಂಡ್ ಆಂಡಿ’ ಧಾರಾವಾಹಿಯ ವೇಳೆಗೆ ಅಮೆರಿಕದ ಹಲವು ಚಿತ್ರಮಂದಿರಗಳು ಚಿತ್ರವನ್ನು ನಿಲ್ಲಿಸಿ ರೇಡಿಯೋ ಕೇಳಿಸುತ್ತಿದ್ದವು. ಆದರೆ ಅದರ ಕರಿಯ ಪಾತ್ರಗಳಿಗೆ ದನಿಯಾದವರು ಗಾಸ್ಡೆನ್ ಮತ್ತು ಕಾರೆಲ್ ಎಂಬ ಬಿಳಿಯರು. ಕರಿಯರ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೊರಿಯರ್’ 1931ರಲ್ಲಿ ಇದರ ವಿರುದ್ಧ ಸಹಿ ಸಂಗ್ರಹಿಸಿತು. ಅನ್ಯರ ನುಡಿಯ ಅಣಕವೇ ಅಲ್ಲಿ ಹಾಸ್ಯದ ಬಂಡವಾಳವಾಗಿತ್ತು.

ಯಲಬುರ್ಗಾ ಸೀಮೆಯ ಸಂದರ್ಭ ಬೇರೆ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಈ ತಾಲ್ಲೂಕಿನಲ್ಲಿ ನಿಜಾಮರ ಕಾಲದ ಕಚೇರಿಯ ಭಾಷೆ ಉರ್ದು. ಮನೆ, ಹೊಲ, ಸಂತೆಗಳಿಗೆ ಮಾತ್ರ ಕನ್ನಡ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಿಂದ ಉತ್ತರ ಕರ್ನಾಟಕದ ಆಡುನುಡಿ ನಾಟಕವಾಗಿ ಹರಿದುಬಂದಾಗ ಇಲ್ಲಿಯ ಕೇಳುಗನಿಗೆ ದೊರೆತದ್ದು ಬರಿಯ ವಿನೋದವಲ್ಲ, ತನ್ನ ನುಡಿಗೆ ಸಂದ ಮನ್ನಣೆಯೂ ಹೌದು. ಆ ನಿಲಯದಲ್ಲಿ ದುಡಿದ ಎನ್ಕೆ ಕುಲಕರ್ಣಿಯವರ ವಿನೋದವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ದಕ್ಷಿಣದ ಚಲನಚಿತ್ರಗಳು ‘ಹೌದ್ರಿ, ಬರ್ರಿ’ ಎಂಬಷ್ಟಕ್ಕೇ ನಗೆ ಹುಟ್ಟಿಸಲು ಹವಣಿಸಿದ್ದುಂಟು. ಎಲ್ಲರೂ ಅದೇ ನುಡಿಯಾಡುವ ನಾಟಕದಲ್ಲಿ ಆ ಸುಲಭೋಪಾಯ ನಡೆಯದು. ನಗೆ ಸ್ವಭಾವದಿಂದ, ಪ್ರಸಂಗದಿಂದಲೇ ಹುಟ್ಟಬೇಕು.

ಹಾಗೆಂದು ಧಾರವಾಡದ ಮಾತೇ ಯಲಬುರ್ಗಾದ ಮಾತಲ್ಲ. ಪೇಟೆಯ ಓದುಬಲ್ಲವರ ಧಾಟಿ ‘ಉತ್ತರ ಕರ್ನಾಟಕ’ವೆಂಬ ಒಂದೇ ಹೆಸರಿನಲ್ಲಿ ಪ್ರಸಾರವಾದಾಗ, ಉರ್ದು ಬೆರೆತ ಪೂರ್ವದ ಒಕ್ಕಲು ನುಡಿಯ ಪಾಲಿಗೆ ಎಷ್ಟು ಪಾತ್ರಗಳು ಬಂದವು, ಬಂದವು ಆಳಿನವೋ ಯಜಮಾನನವೋ ಎಂಬುದನ್ನು ವಿಮರ್ಶೆ ಕೇಳಲೇಬೇಕಾಗಿದೆ.