ಅಂಗೈಯಲ್ಲಿ ಮಿನುಗುವ ನಾದ

ಇನ್ನು ಆಟಿಕೆ ಕೊಡಿಸುವುದಿಲ್ಲ, ಬೇಕಿದ್ದರೆ ನೀನೇ ಮಾಡಿಕೋ ಎಂದು ತಾಯಿ ಹೇಳಿದ್ದೇ ಜಪಾನಿನ ತೋಶಿಯೊ ಇವಾಯ್ ಅವರ ಬದುಕಿನ ದಾರಿಯಾಯಿತು. 1962ರಲ್ಲಿ ಹುಟ್ಟಿದ ಈ ವಿನ್ಯಾಸಕಾರ ಬಾಲ್ಯದಲ್ಲಿ ಪಠ್ಯಪುಸ್ತಕದ ಅಂಚಿನಲ್ಲಿ ಚಿತ್ರ ಬರೆದು, ಹಾಳೆಗಳನ್ನು ಸರಸರನೆ ಮಗುಚಿ ಕುಣಿಸುತ್ತಿದ್ದರು.

ಮುಂದೆ ಚಿತ್ರದ ಜೊತೆ ಸ್ವರವೂ ಕುಣಿಯಿತು. ಅವರ 1987ರ ‘ಒಟೋಕಿ’ ವಿಡಿಯೊ ಗೇಮಿನಲ್ಲಿ ಗುಂಡು ಹಾರಿದ ದಿಕ್ಕಿಗೊಂದು ಸ್ವರ. ರ‍್ಯೂಯಿಚಿ ಸಕಾಮೊಟೊ ಎಂಬ ಸಂಗೀತಗಾರರ ಜೊತೆಗಿನ ಕಛೇರಿಯಲ್ಲಂತೂ ಪಿಯಾನೊದ ಸ್ವರಗಳೆಲ್ಲ ಬೆಳಕಿನ ಚುಕ್ಕಿಗಳಾಗಿ ಮೇಲಕ್ಕೆ ಚಿಮ್ಮಿದವು.

ಎಲ್ಲಕ್ಕಿಂತ ಮನಸೆಳೆಯುವುದು ಯಮಾಹಾ ಕಂಪನಿಯ ಜೊತೆಗೂಡಿ 2007ರಲ್ಲಿ ತಂದ ‘ಟೆನೊರಿ-ಆನ್’ ವಾದ್ಯ. ಹೆಸರಿನ ಅರ್ಥ, ಅಂಗೈ ಮೇಲಿನ ನಾದ. ಅಡ್ಡಕ್ಕೆ 16, ಉದ್ದಕ್ಕೆ 16, ಒಟ್ಟು 256 ದೀಪದ ಗುಂಡಿಗಳು. ಅಡ್ಡಸಾಲು ಕಾಲ, ಉದ್ದಸಾಲು ಶ್ರುತಿ. ರಂಗೋಲಿಯಂತೆ ಚುಕ್ಕಿ ಇಡುತ್ತ ಹೋದರೆ ರಾಗ ತಾನಾಗಿ ಹುಟ್ಟುತ್ತದೆ. ಎಷ್ಟು ಉದಾರ ವಾದ್ಯ! ದೀಪಗಳು ಹಿಂಬದಿಗೂ ಬೆಳಗುವುದರಿಂದ ಎದುರು ಕೂತವರಿಗೂ ಸಂಗೀತ ಕಾಣಿಸುತ್ತದೆ.