ಆಸಾಡಿಯ ಬೆಳಗು, ಅರೆಜೀವದ ಬ್ಯಾಟರಿ

ಮಳೆಗಾಲದ ಸಂಜೆ ಬಲ್ಬು ಕೆಂಡದ ಹಾಗೆ ಕೆಂಪಗೆ ಮಿಣುಕುತ್ತ ಕೂತರೆ ಕುಂದಾಪುರದ ಕಡೆ ಹೇಳುವ ಮಾತು ಒಂದೇ: 'ಕರೆಂಟ್ ಇತ್ತ್, ಓಲ್ಟೇಜ್ ಇಲ್ಲೆ'. ಇಂಗ್ಲಿಷಿನವರು ಇಂಥ ಸ್ಥಿತಿಗೆ 'ಬ್ರೌನ್‌ಔಟ್' ಎಂದು ಹೆಸರಿಟ್ಟಿದ್ದಾರೆ. ಬಲ್ಬಿಗೆ ಇದರಿಂದ ನಷ್ಟವೇನೂ ಇಲ್ಲ. ತೋಟದ ಪಂಪು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಮೈಕ್ರೊಪ್ರೊಸೆಸರ್ ಪಾಡು ಬೇರೆ. ಅದು ಸಾಯುವುದಿಲ್ಲ, ತಪ್ಪು ತಪ್ಪಾಗಿ ಬದುಕುತ್ತದೆ.

ಆರ್ಡುಯಿನೊ ಊನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪನ್ನೇ ನೋಡಿ. 20 ಮೆಗಾಹರ್ಟ್ಸ್ ವೇಗಕ್ಕೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, 10ಕ್ಕೆ 2.7 ಸಾಕು, 4ಕ್ಕೆ 1.8. ಇದಕ್ಕಿಂತ ಕೆಳಗಿಳಿದರೆ ಒಂದು ಆದೇಶವನ್ನು ಇನ್ನೊಂದೆಂದು ಓದಿ, ಬರೆಯಬಾರದ ಜಾಗದಲ್ಲಿ ಬರೆದು, ಇಇಪ್ರೋಮ್‌ನಲ್ಲಿಟ್ಟ ಲೆಕ್ಕವನ್ನೇ ಕೆಡಿಸಬಹುದು ಎಂದು ತಯಾರಕರ ಕೈಪಿಡಿಯೇ ಎಚ್ಚರಿಸುತ್ತದೆ.

ಇಂಥ ಅರೆ ವೋಲ್ಟೇಜಿನಿಂದ ಪ್ರೊಸೆಸರನ್ನು ಕಾಯುವ ವಿದ್ಯೆಗೆ ಕರಾವಳಿಗಿಂತ ಕಠಿಣ ಪರೀಕ್ಷೆ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸೋಲಾರ್ ಮಳೆಮಾಪಕಗಳನ್ನು ಇಟ್ಟಿದೆ. ಪ್ರತಿ 15 ನಿಮಿಷದ ಮಳೆ ಮೊಬೈಲ್ ಜಾಲದ ಮೂಲಕ ಬೆಂಗಳೂರು ಸೇರುತ್ತದೆ. ಇದನ್ನು ಕಂಡು ತಾನೂ ಒಂದು ಮಳೆಮಾಪಕ ಕಟ್ಟಬೇಕೆಂದು ಹೊರಡುವ ಹವ್ಯಾಸಿಗೆ ಬೈಂದೂರು, ಬ್ರಹ್ಮಾವರಗಳಲ್ಲಿ ಮಳೆಗೆ ಬರವಿಲ್ಲ. ಬರ ಇರುವುದು ಬಿಸಿಲಿಗೆ. ಕೊಲ್ಲೂರು, ಹೊಸಂಗಡಿ, ಅಮಾಸೆಬೈಲಿನ ಕಡೆ ಆಸಾಡಿಯಲ್ಲಿ, ಅಂದರೆ ಆಷಾಢದಲ್ಲಿ, ವಾರಗಟ್ಟಲೆ ಸೂರ್ಯನ ಮುಖ ಕಾಣದು. ಅಳೆಯಲೇಬೇಕಾದ ಮಳೆ ಸುರಿಯುವ ರಾತ್ರಿಯೇ ಬ್ಯಾಟರಿಯ ಉಸಿರು ಕಟ್ಟುವ ರಾತ್ರಿ.

ವಿದ್ಯುತ್ ಸರಿಹೋಗುವವರೆಗೆ ಪ್ರೊಸೆಸರನ್ನು ತಡೆದಿಟ್ಟು ಮೊದಲಿನಿಂದ ಶುರುಮಾಡಿಸುವ, ಪಠ್ಯಪುಸ್ತಕದ ರೀಸೆಟ್ ಸರ್ಕ್ಯೂಟ್ ಎಲ್ಲರಿಗೂ ಗೊತ್ತು: 10 ಕಿಲೋಓಮ್ ರೆಸಿಸ್ಟರ್, 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಖರ್ಚು ಬಿಡಿಗಾಸು. ಸ್ವಿಚ್ ಹಾಕಿದೊಡನೆ ವಿದ್ಯುತ್ ಪೂರ್ತಿ ಬರುತ್ತದೆ. ಕೆಪಾಸಿಟರ್ ತುಂಬಲು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಪ್ರೊಸೆಸರ್ ಸಾವರಿಸಿಕೊಳ್ಳುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ಇದಕ್ಕೆ ಪೂರ್ತಿ ಅಂಕ. ಆದರೆ ಆಸಾಡಿಯ ಬೆಳಗ್ಗೆ ಸ್ವಿಚ್ ಹಾಕುವವರು ಯಾರು? ಖಾಲಿಯಾದ ಬ್ಯಾಟರಿಗೆ ಮೋಡದ ಸಂದಿಯ ಬೆಳಕು ತೊಟ್ಟು ತೊಟ್ಟಾಗಿ ಇಳಿಯುತ್ತದೆ. ವೋಲ್ಟೇಜ್ ಅರ್ಧ ಗಂಟೆ ತೆವಳಿ ಮೇಲೇರುತ್ತದೆ. ಕೆಪಾಸಿಟರ್ ಕೂಡ ಅದರ ಹೆಗಲ ಮೇಲೆ ಕೈಯಿಟ್ಟುಕೊಂಡೇ ಏರುತ್ತದೆ. ರೀಸೆಟ್ ಎಂಬುದು ಆಗುವುದೇ ಇಲ್ಲ. ಪ್ರೊಸೆಸರ್ ನಿದ್ದೆಗಣ್ಣಿನಲ್ಲಿ ಎದ್ದು ಎಲ್ಲೋ ಸಿಕ್ಕಿಕೊಳ್ಳುತ್ತದೆ. ಮಧ್ಯಾಹ್ನ ಬಿಸಿಲು ಬಿದ್ದು ಬ್ಯಾಟರಿ ತುಂಬಿದರೂ ಅದು ಅಲ್ಲೇ ಕೂತಿರುತ್ತದೆ.

ಇದಕ್ಕೆ ಮದ್ದು ಮೂರು ಕಾಲಿನ ಒಂದು ರೀಸೆಟ್ ಚಿಪ್ಪು. ಎಂಎಎಕ್ಸ್809 ಎಂಬುದು ಈ ಕುಲದಲ್ಲಿ ಹೆಸರುವಾಸಿ. ಉದ್ದ ಸುಮಾರು 3 ಮಿಲಿಮೀಟರ್, ಕುಚ್ಚಲಕ್ಕಿಯ ಅರ್ಧ ಕಾಳಿನಷ್ಟು. ಗೊತ್ತುಪಡಿಸಿದ ಮಟ್ಟಕ್ಕಿಂತ ವೋಲ್ಟೇಜ್ ಇಳಿದರೆ ಪ್ರೊಸೆಸರ್‌ನ ರೀಸೆಟ್ ಕಾಲನ್ನು ಅದುಮಿ ಹಿಡಿಯುತ್ತದೆ. ವಿದ್ಯುತ್ 1 ವೋಲ್ಟಿಗೆ ಇಳಿದರೂ ಹಿಡಿತ ಬಿಡದು. ಮಟ್ಟ ಮತ್ತೆ ಏರಿದ ಮೇಲೂ ಕನಿಷ್ಠ 140 ಮಿಲಿಸೆಕೆಂಡ್ ಕಾದು ನೋಡುತ್ತದೆ. ವೋಲ್ಟೇಜ್ ನಿಧಾನ ಏರಿತೋ ಬೇಗ ಏರಿತೋ, ಅದಕ್ಕೆ ಸಂಬಂಧವಿಲ್ಲ.

ರುಚಿಯ ವಿಷಯ ಬರುವುದು ಮಟ್ಟ ಆರಿಸುವಲ್ಲಿ. 3.3 ವೋಲ್ಟಿನ ಸರ್ಕ್ಯೂಟಿಗೆ 3.08, 2.93, 2.63ರ ನಮೂನೆಗಳಿವೆ. ಹೊಸಬರು 3.08ಕ್ಕೆ ಕೈಹಾಕುತ್ತಾರೆ, ಬಿಗಿ ಇದ್ದಷ್ಟು ಒಳ್ಳೆಯದೆಂಬ ನಂಬಿಕೆಯಲ್ಲಿ. ಆದರೆ ಸಂದೇಶ ಕಳಿಸುವ ಜಿಎಸ್‌ಎಂ ಮೋಡೆಮ್ 577 ಮೈಕ್ರೊಸೆಕೆಂಡ್‌ನ ಒಂದೊಂದು ಗುಟುಕಿಗೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಹಳತಾದ ಲಿಥಿಯಂ ಸೆಲ್ಲಿನ ಒಳತಡೆ 0.2 ಓಮ್ ಎಂದಿಟ್ಟುಕೊಂಡರೆ ಆ ಕ್ಷಣ 0.4 ವೋಲ್ಟ್ ಮಾಯ. 3.7 ಇದ್ದದ್ದು 3.3, ರೆಗ್ಯುಲೇಟರ್ ತನ್ನ ಪಾಲು ಕಾಲು ವೋಲ್ಟ್ ತಿಂದರೆ ಉಳಿದದ್ದು 3.05. ಬಿಗಿ ಚಿಪ್ಪು ರೀಸೆಟ್ ಒತ್ತಿಬಿಡುತ್ತದೆ. 2.93ರದ್ದು ಸುಮ್ಮನಿರುತ್ತದೆ.

ಒತ್ತಿದ ಮೇಲಿನ ಕಥೆ ಇನ್ನೂ ಕೆಟ್ಟದ್ದು. ಭಾರ ಇಳಿದೊಡನೆ ಬ್ಯಾಟರಿ ಚೇತರಿಸಿಕೊಂಡು 3.7 ತೋರಿಸುತ್ತದೆ. ಪ್ರೊಸೆಸರ್ ಏಳುತ್ತದೆ, ಮೋಡೆಮ್ ಟವರ್ ಹುಡುಕುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಮತ್ತೆ ರೀಸೆಟ್. ಇರುವ ಚೂರುಪಾರು ಚಾರ್ಜು ಟವರ್ ಹುಡುಕುವುದರಲ್ಲೇ ಮುಗಿಯುತ್ತದೆ. ಇಲ್ಲಿ ರೀಸೆಟ್ ಚಿಪ್ಪೊಂದನ್ನೇ ನಂಬುವುದು ಪೆದ್ದುತನ. ಮೋಡೆಮ್‌ಗೆ ಬೇರೆಯೇ ಕಾವಲು ಬೇಕು. 3.4ರ ಹತ್ತಿರ ಅದನ್ನು ಆರಿಸಿ, 3.8 ದಾಟುವವರೆಗೆ ಮತ್ತೆ ಹಚ್ಚದ ಕಾವಲು. ಆ ನಡುವೆ ಮಳೆಮಾಪಕದೊಳಗಿನ ಪುಟ್ಟ ಬಕೆಟ್ ನೀರು ತುಂಬಿ ಮಗುಚಿದ ಲೆಕ್ಕವನ್ನು ಪ್ರೊಸೆಸರ್ ತನ್ನ ಪಾಡಿಗೆ ಬರೆದಿಡಲಿ, ಬಿಸಿಲು ಬಂದಾಗ ಒಟ್ಟಿಗೆ ಕಳಿಸಲಿ.

ಕಾವಲುಗಾರನಿಗೂ ಸಂಬಳ ಕೊಡಬೇಕಲ್ಲ. ಎಂಎಎಕ್ಸ್809 ಕುಡಿಯುವುದು ಸುಮಾರು 17 ಮೈಕ್ರೊಆಂಪಿಯರ್. ವರ್ಷಕ್ಕೆ 8,760 ಗಂಟೆ. ಗುಣಿಸಿದರೆ ಹತ್ತಿರ ಹತ್ತಿರ 150 ಮಿಲಿಆಂಪ್-ಗಂಟೆ. ಸೋಲಾರ್ ಇದ್ದಲ್ಲಿ ಇದು ಲೆಕ್ಕಕ್ಕಿಲ್ಲ. ಆದರೆ ಸಿಆರ್2032 ಬಿಲ್ಲೆ ಬ್ಯಾಟರಿಯ ಒಟ್ಟು ಆಸ್ತಿಯೇ 220ರ ಆಸುಪಾಸು. ಮೂರರಲ್ಲಿ ಎರಡು ಪಾಲು ಕಾವಲಿಗೇ ಹೋಯಿತು! ಬಿಲ್ಲೆ ಬ್ಯಾಟರಿಗೆ 150 ನ್ಯಾನೊಆಂಪಿಯರ್‌ನ ಟಿಪಿಎಸ್3839 ಜಾತಿಯದೇ ಸರಿ. ವರ್ಷಕ್ಕೆ ಒಂದೂಕಾಲರಷ್ಟು ಸಾಕು.

ಇದೇ ಸಮಸ್ಯೆಯ ಉಪ್ಪುನೀರಿನ ಅವತಾರ ಗಂಗೊಳ್ಳಿ ಬಂದರಿನಲ್ಲಿದೆ. ಮೀನುಗಾರಿಕೆ ನಿಷೇಧದ 61 ದಿನ ಬೋಟಿನ 12 ವೋಲ್ಟ್ ಬ್ಯಾಟರಿ ಸುಮ್ಮನೆ ಕೂತಿರುತ್ತದೆ. ಆಗಸ್ಟಿನಲ್ಲಿ ಎಂಜಿನ್ ಸ್ಟಾರ್ಟ್ ಮಾಡಿದ ಗಳಿಗೆ ಅದು 9ರ ಹತ್ತಿರ ಕುಸಿಯುವುದುಂಟು. ಆಗ ಜಿಪಿಎಸ್ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರುವಾದರೆ ಬೈಯಬೇಕಾಗಿಲ್ಲ, ಒಳಗಿನ ಕಾವಲು ಸರಿಯಿದೆ ಎಂದೇ ಅರ್ಥ. ಕಪ್ಪಾಗದೆ ಅರ್ಧ ನಕ್ಷೆ ತೋರಿಸಿ ನಿಂತರೆ ಬೈಯಬಹುದು.

ಮಳೆಮಾಪಕ ಕಟ್ಟಿದವರು ಮೇ ತಿಂಗಳಲ್ಲೇ ಒಂದು ಪರೀಕ್ಷೆ ಮಾಡಿಕೊಳ್ಳುವುದುಂಟು. ಬ್ಯಾಟರಿ ಖಾಲಿಮಾಡಿ, ಪ್ಯಾನೆಲಿಗೆ ಗೋಣಿಚೀಲ ಹೊದಿಸಿ, ಬೆಳಗಿನಿಂದ ಬೆರಳಗಲ ಬೆರಳಗಲ ಸರಿಸುತ್ತ ಹೋಗುವುದು. ಎಷ್ಟು ಸಲ ರೀಸೆಟ್ ಆಯಿತೆಂಬ ಎಣಿಕೆಯನ್ನೂ ಪ್ರೊಸೆಸರ್ ಬರೆದಿಡಬಲ್ಲದು. ಮಳೆ ಹಿಡಿದ ಮೇಲೆ ಬೆಳಗ್ಗೆ 8.30ರ ಸಂದೇಶದಲ್ಲಿ ಮಿಲಿಮೀಟರ್ ಪಕ್ಕ ಆ ಅಂಕಿಯೂ ಬರುತ್ತದೆ. ಪಳಗಿದ ಹವ್ಯಾಸಿ ಮೊದಲು ನೋಡುವುದು ಅದನ್ನೇ, ಮಳೆ ಎಷ್ಟು ಬಂತೆಂದು ಆಮೇಲೆ.