ಕವಗೋಯೆಯ ವರ್ತಕರ ಬೀದಿ: ಒಂದು ಉಪಕ್ರಮವಿಚಾರ

ಪ್ರಾಚೀನ ಪಟ್ಟಣವೊಂದನ್ನು ಮಾರ್ಗದರ್ಶಕನೊಡನೆ ಕಾಲ್ನಡೆಯಾಗಿ ನೋಡುವುದು, ಗ್ರಂಥವೊಂದನ್ನು ವ್ಯಾಖ್ಯಾನದೊಡನೆ ಓದುವುದಕ್ಕೆ ಸಮಾನವಾದುದು. ಬೀದಿಯೇ ಮೂಲ, ಮಾರ್ಗದರ್ಶಕನ ಮಾತೇ ಟೀಕೆ. ಆದುದರಿಂದ ಟೀಕೆಯ ಗುಣದೋಷಗಳನ್ನು ಪರೀಕ್ಷಿಸುವ ನ್ಯಾಯವು ಇಲ್ಲಿಯೂ ಸಲ್ಲತಕ್ಕುದು. ಜಪಾನ್ ದೇಶದಲ್ಲಿ, ಟೋಕಿಯೋ ನಗರದ ವಾಯವ್ಯಕ್ಕೆ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಕವಗೋಯೆ ಪಟ್ಟಣದ ವರ್ತಕರ ಬೀದಿಯು ಇದಕ್ಕೆ ತಕ್ಕ ಉದಾಹರಣೆ.

ಈ ಪಟ್ಟಣಕ್ಕೆ 'ಕೊಎಡೊ', ಎಂದರೆ 'ಚಿಕ್ಕ ಎಡೊ', ಎಂಬ ಬಿರುದುಂಟು. ಎಡೊ ಎಂಬುದು ಟೋಕಿಯೋ ನಗರಕ್ಕೆ 1868ರವರೆಗೆ ಇದ್ದ ಹೆಸರು. ಬಿರುದು ನಿರಾಧಾರವಾದುದಲ್ಲ. ಕವಗೋಯೆಯು ಕೋಟೆಯ ಪಟ್ಟಣ. ಅಲ್ಲಿಯ ಧಾನ್ಯವೂ ಗೆಣಸೂ ಶಿಂಗಶಿ ನದಿಯ ದೋಣಿಗಳಲ್ಲಿ ಎಡೊ ನಗರಕ್ಕೆ ಹೋಗುತ್ತಿದ್ದುವು. ಆದರೆ ಈ ಬಿರುದನ್ನೇ ಸೂತ್ರವಾಗಿ ಹಿಡಿದು ಬೀದಿಯನ್ನು ವಿವರಿಸಿದರೆ, ಕೇಳುವವನು ಎರಡು ಪಾರ್ಶ್ವಗಳ ಕರಿಗೋಡೆಯ ಅಂಗಡಿಗಳೆಲ್ಲವೂ ಎಡೊ ಕಾಲದವೆಂದು ಭ್ರಮಿಸುವನು. ವಸ್ತುಸ್ಥಿತಿ ಬೇರೆ.

1893ರಲ್ಲಿ ಮಹಾಗ್ನಿಯೊಂದು ಪಟ್ಟಣದ ಮೂರರಲ್ಲೊಂದು ಪಾಲನ್ನು ಆಹುತಿ ತೆಗೆದುಕೊಂಡಿತು. ಆಗ ಸುಡದೆ ಉಳಿದ ಕೆಲವು ಕಟ್ಟಡಗಳಲ್ಲಿ 1792ರಲ್ಲಿ ಕಟ್ಟಿದ, ಈಗ ಓಸವ ಮನೆತನದ ಹೆಸರಿನಿಂದ ಪ್ರಸಿದ್ಧವಾಗಿರುವ ಮನೆಯೊಂದು. ಮರದ ಚೌಕಟ್ಟಿನ ಮೇಲೆ ಮಣ್ಣನ್ನು ಪದರಪದರವಾಗಿ ಮೆತ್ತಿ ದಪ್ಪಗೋಡೆಯನ್ನೆಬ್ಬಿಸುವ 'ಕುರಾಜುಕುರಿ' ಎಂಬ ಉಗ್ರಾಣದ ಕಟ್ಟುವಿಕೆಯೇ ಅದನ್ನು ಕಾಪಾಡಿತು. ಇದನ್ನು ಕಣ್ಣಾರೆ ಕಂಡ ವರ್ತಕರು, ಟೋಕಿಯೋ ನಗರದ ವ್ಯಾಪಾರಬೀದಿಗಳಲ್ಲಿ ಅಂದು ರೂಢಿಯಲ್ಲಿದ್ದ ಅದೇ ಬಗೆಯ ಅಂಗಡಿಗಳನ್ನು ತಮ್ಮಲ್ಲಿಯೂ ಕಟ್ಟಿಸಿದರು. ಹೀಗೆ ಬೀದಿಯ ಬಹುಭಾಗವು ಎಡೊ ಕಾಲದ್ದಲ್ಲ, ತರುವಾಯದ ಮೇಯಿಜಿ ಕಾಲದ್ದು. ಟೋಕಿಯೋ ನಗರದ ಅಂತಹ ಬೀದಿಗಳಾದರೋ 1923ರ ಭೂಕಂಪದಿಂದಲೂ 1945ರ ಬಾಂಬುಗಳಿಂದಲೂ ಹಾಳಾದುವು. ಮೂಲದ ಓಲೆ ನಷ್ಟವಾಗಿ, ದೂರದ ಊರಿನಲ್ಲಿ ಮಾಡಿಕೊಂಡ ಪ್ರತಿಯೊಂದು ಉಳಿದಂತೆ ಕವಗೋಯೆ ಉಳಿದಿದೆ.

ತಾತ್ಪರ್ಯನಿರ್ಣಯಕ್ಕೆ ಮೀಮಾಂಸಕರು ಉಪಕ್ರಮೋಪಸಂಹಾರಗಳು, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಲಿಂಗಗಳನ್ನು ಹೇಳಿರುವುದು ವಿದಿತವೇ ಆಗಿದೆ. ಈ ಬೀದಿಯಲ್ಲಿ ಅಭ್ಯಾಸವಾಗಿ ಮರಳಿ ಮರಳಿ ಕಾಣುವುದು ಯಾವುದು? ದಪ್ಪನಾದ ಗೋಡೆ, ಭಾರವಾದ ಹೆಂಚು, ಬೆಂಕಿ ಬಂದಾಗ ಮುಚ್ಚಿ ಸಂದುಗಳಿಗೆ ಮಣ್ಣು ಮೆತ್ತುವ ಕಿಟಕಿಬಾಗಿಲು. ಇವೆಲ್ಲವೂ ಅಗ್ನಿಯನ್ನೇ ಹೇಳುತ್ತವೆ. ಓಸವ ಮನೆಯು ಉಪಪತ್ತಿ. ಅದೇ ಬೆಂಕಿಯಲ್ಲಿ ಸುಟ್ಟು, ಮರುವರ್ಷವೇ ಮತ್ತೆ ಎದ್ದ, ಸುಮಾರು 16 ಮೀಟರ್ ಎತ್ತರದ ಗಂಟೆಯ ಗೋಪುರವು ಫಲ. 'ಚಿಕ್ಕ ಎಡೊ' ಎಂಬುದಾದರೋ ಕೇವಲ ಅರ್ಥವಾದ, ಸ್ತುತಿವಾಕ್ಯ. ಸ್ತುತಿಯನ್ನೇ ವಿಧಿಯೆಂದು ಗ್ರಹಿಸುವುದು ವ್ಯಾಖ್ಯಾತೃವಿಗೆ ತಕ್ಕುದಲ್ಲ.

ಬಿರುದಿನಿಂದ ಪ್ರವಾಸಿಗಳು ಬರುವರು, ಅವರಿಂದ ಬೀದಿ ಉಳಿಯುವುದು. ಆದುದರಿಂದ ದೋಷವೇನು ಎಂದು ಆಕ್ಷೇಪಿಸಬಹುದು. ಉತ್ತರವನ್ನು ಬೀದಿಯ ಚರಿತ್ರೆಯೇ ಕೊಡುವುದು. ವ್ಯಾಪಾರವು ರೈಲುನಿಲ್ದಾಣದ ಕಡೆಗೆ ಸರಿದು ಈ ಅಂಗಡಿಗಳು ಕಳೆಗುಂದಿದಾಗ, ಅವನ್ನು ಎತ್ತಿ ಹಿಡಿದವರಲ್ಲಿ ಪಟ್ಟಣದ ಜನರೇ 1983ರಲ್ಲಿ ಸ್ಥಾಪಿಸಿಕೊಂಡ ಸಂಘವೊಂದು ಮುಖ್ಯವಾದುದು. 1999ರಲ್ಲಿ ರಾಷ್ಟ್ರದ ಸಂರಕ್ಷಣೆಯೂ ದೊರೆಯಿತು. ಸುಟ್ಟ ಮೇಲೆ ಯೋಚಿಸಿ ಕಟ್ಟಿದವರೂ, ಕಳೆಗುಂದಿದ ಮೇಲೆ ಯೋಚಿಸಿ ಉಳಿಸಿದವರೂ ಒಂದೇ ಊರಿನವರು. ಎಲ್ಲವೂ ಹಿಂದಿನಿಂದ ಹಾಗೆಯೇ ಇದ್ದಿತೆಂಬ ಭಾವನೆಯಲ್ಲಿ ಈ ಎರಡು ಪೀಳಿಗೆಗಳ ಪುರುಷಪ್ರಯತ್ನವೂ ಮರೆಯಾಗುವುದು.

ಉಪಕ್ರಮವು ಪ್ರಬಲವೆಂದು ಶಾಸ್ತ್ರವು ಹೇಳುತ್ತದೆ; ಮೊದಲು ಕೇಳಿದುದೇ ಮುಂದಿನದಕ್ಕೆಲ್ಲ ಅರ್ಥವನ್ನು ಕಟ್ಟುವುದು. ಆದುದರಿಂದ ಈ ಪಾದಯಾತ್ರೆಯು ಬಿರುದಿನಿಂದಲ್ಲ, 1792ರ ಮನೆಯ ಮುಂದೆ, ಬೆಂಕಿಯ ಮಾತಿನಿಂದ ಆರಂಭವಾಗತಕ್ಕುದು. ಗಂಟೆಯ ಗೋಪುರದ ಕೆಳಗೆ ಅದು ಮುಗಿದರೆ ಉಪಸಂಹಾರವೂ ಉಪಕ್ರಮಕ್ಕೆ ಕೂಡಿಬರುವುದು.